ನಿದ್ದೆಗೆಟ್ಟವಳ ಹಾಜರಿ

ಇಂದಿನ ಆಯುಧಪೂಜೆಯ ಸಭೆಯ ಅಧ್ಯಕ್ಷರೂ ಈ ಹೊಲಿಗೆ ಘಟಕದ ಮಾಲೀಕರೂ ಆದ ಶ್ರೀ ಶಿವಶಂಕರ್ ಅವರೇ, ಈಗತಾನೆ ಮೈಕಿನ ಮುಂದೆ ನನಗೇ ನನ್ನ ಗುರುತು ಸಿಗದಷ್ಟು ಹೊಗಳಿದ ಲೈನ್ ಇನ್‌ಚಾರ್ಜ್ ಹೊನ್ನೂರಪ್ಪನವರೇ, ಬೆಳಗ್ಗೆ ಆರಕ್ಕೇ ಬಂದು ತಮ್ಮ ತಮ್ಮ ಮಿಷನ್ನುಗಳನ್ನು ಒರೆಸಿ, ಎಣ್ಣೆ ಬಿಟ್ಟು, ವಿಭೂತಿ ಎಳೆದು, ಚೆಂಡುಹೂವು ಮುಡಿಸಿ, ಈಗ ಕಾಲು ಚಾಚಲು ಜಾಗವಿಲ್ಲದೆ ಜಮಖಾನದ ಮೇಲೆ ಕುಳಿತಿರುವ ತಾಯಂದಿರೇ, ತಂಗಿಯರೇ, ಬಾಗಿಲ ಬಳಿ ನಿಂತೇ ಇರುವ ಕಟಿಂಗ್ ವಿಭಾಗದ ಸಹೋದರರೇ, ಹೊರಗಿನಿಂದ ಬಂದ ಅತಿಥಿಗಳೇ, ಒಟ್ಟಿನಲ್ಲಿ ನನ್ನ ಪ್ರೀತಿಯ ಸಭಿಕರೇ,

ತಮಗೆಲ್ಲ ಹಬ್ಬದ ಶುಭಾಶಯಗಳು. ಎರಡೇ ಮಾತು ಆಡುತ್ತೇನೆ ಎಂದು ಶುರು ಮಾಡುವವರು ಎರಡು ಗಂಟೆ ಎಳೆಯುತ್ತಾರೆ ಎಂಬುದು ನಿಮಗೆ ಗೊತ್ತು. ಆದ್ದರಿಂದ ನಾನು ಹಾಗೆ ಹೇಳುವುದಿಲ್ಲ. ಸ್ವಲ್ಪ ಹೆಚ್ಚೇ ಮಾತಾಡುತ್ತೇನೆ. ಚಿತ್ರಾನ್ನ ಆರಿದರೂ ತಿನ್ನಬಹುದು.

ಹೋದ ವಾರ ಹೊನ್ನೂರಪ್ಪನವರು ನಮ್ಮ ಶಾಲೆಗೆ ಆಮಂತ್ರಣ ತಂದರು. ಏಳನೇ ತರಗತಿಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು ಹೇಳಿದರು: "ಮೇಡಂ, ಹ್ವಾದ ವರ್ಷ ಮಾತಾಡಿದ್ರಲ್ರಿ, ಅದನ್ನ ಮಾತಾಡ್ರಿ. ಒಂದಕ್ಷರ ಬದ್ಲಿ ಮಾಡಬ್ಯಾಡ್ರಿ. ನಮ್ಮ ಹೆಣ್ಮಕ್ಕಳಿಗೆ ಭಾಳ ಉಪಯೋಗ ಆಗೇತ್ರಿ."

ಮೂವತ್ತೆಂಟು ಮಕ್ಕಳ ಎದುರಿಗೆ ನನಗೆ ಇಷ್ಟು ದೊಡ್ಡ ಪ್ರಶಸ್ತಿ ಎಂದೂ ಸಿಕ್ಕಿರಲಿಲ್ಲ. ಆದರೆ ನನಗೆ ಸಂತೋಷವಾಗಲಿಲ್ಲ, ಸಿಟ್ಟು ಬಂತು. ಆ ಸಿಟ್ಟು ಒಂದು ವಾರದಿಂದ ನನ್ನ ಜೊತೆ ಊಟಕ್ಕೆ ಕೂರುತ್ತಿದೆ. ಉಪಯೋಗವಾಗಿದೆ ಎಂದಿರಲ್ಲ, ಹೊನ್ನೂರಪ್ಪನವರೇ, ಯಾರಿಗೆ ಉಪಯೋಗವಾಯಿತು?

ಹೋದ ವರ್ಷ ಇದೇ ದಿನ ಇಲ್ಲೇ ನಿಂತು ನಾನು ಏನು ಹೇಳಿದೆ ಎಂಬುದು ಕೆಲವರಿಗೆ ನೆನಪಿರಬಹುದು. ಎರಡನೇ ಅಲೆಯಲ್ಲಿ ನನಗೂ ಕೊರೋನಾ ಬಂದಿತ್ತು ಎಂದೆ. ಹದಿನೇಳು ದಿನ ಒಂದೇ ಕೋಣೆಯಲ್ಲಿದ್ದೆ ಎಂದೆ. ಧೈರ್ಯದಿಂದ ಗೆದ್ದೆ ಎಂದೆ. ತಲೆದಿಂಬಿನ ಪಕ್ಕ ಕವಿತೆಯ ಪುಸ್ತಕಗಳಿದ್ದವು, ಅವೇ ನನ್ನ ಮಾತ್ರೆ, ಅವೇ ನನ್ನ ಆಮ್ಲಜನಕ ಎಂದೆ. ಅದಕ್ಕೆ ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ಕೊನೆಗೆ ಒಂದು ಗಾದೆಯನ್ನೂ ಸಿಕ್ಕಿಸಿದೆ: ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ. ರೋಗ ಹೋದಮೇಲೆ ಅದರ ಚಿಂತೆಯನ್ನು ಬಿಡಬೇಕು, ಮನಸ್ಸು ಗಟ್ಟಿಯಿದ್ದರೆ ಮೈ ತಾನೇ ದಾರಿಗೆ ಬರುತ್ತದೆ, ಧೈರ್ಯವೇ ಮದ್ದು ಎಂದೆ.

ಆ ಕೊನೆಯ ಎರಡು ಪದಗಳನ್ನು ನನ್ನ ಫೋಟೋದ ಕೆಳಗೆ ಬರೆಸಿ, ಫ್ಲೆಕ್ಸ್ ಮಾಡಿಸಿ, ಹೊಲಿಗೆ ಹಾಲಿನ ಗೋಡೆಗೆ ಹೊಡೆದಿದ್ದೀರಿ. ಫೋಟೋ ಚೆನ್ನಾಗಿ ಬಂದಿದೆ. ಇರುವುದಕ್ಕಿಂತ ಹತ್ತು ವರ್ಷ ಚಿಕ್ಕವಳ ಹಾಗೆ ಕಾಣುತ್ತೇನೆ.

ಆ ಭಾಷಣ ಮುಗಿದ ಮೇಲೆ ನನ್ನ ಕೈಯಿಂದ ಒಂದು ಬಹುಮಾನ ಕೊಡಿಸಿದಿರಿ. ಪೂರ್ಣ ಹಾಜರಿ ಬಹುಮಾನ. ಎರಡನೇ ಅಲೆಯ ಲಾಕ್‌ಡೌನ್ ತೆಗೆದು ಘಟಕ ತೆರೆದ ದಿನದಿಂದ ಒಂದೇ ಒಂದು ರಜೆಯನ್ನೂ ಹಾಕದ ಹೆಣ್ಣುಮಗಳಿಗೆ. ಹೆಸರು ಕೂಗಿದಾಗ ಕಣೇಕಲ್ಲಿನ ಈರಕ್ಕ ಎದ್ದು ಬಂದಳು. ಮೂವತ್ತಾರು, ಮೂವತ್ತೇಳು ವಯಸ್ಸು. ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ಒಂಬತ್ತು ವರ್ಷ ಹೊಲಿದು, ಮೊದಲ ಲಾಕ್‌ಡೌನಿನಲ್ಲಿ ಲಾರಿ ಹತ್ತಿ ವಾಪಸ್ಸು ಬಂದವಳು. ಕಣೇಕಲ್ಲಿನಿಂದ ರಾಯದುರ್ಗಕ್ಕೆ ದಿನಾ ಬಸ್ಸು, ಬಸ್ಸು ತಪ್ಪಿದರೆ ಆಟೋ. ಅವಳಿಗೆ ನಾನು ಕೊಟ್ಟದ್ದು ಡಬಲ್ ರಗ್ಗು. ಅದರ ಮೇಲೆ ಬಾಯಿ ತೆರೆದ ಹುಲಿ.

ಆಗ ಅವಳು ನನ್ನ ಕಿವಿಯ ಹತ್ತಿರ ಬಗ್ಗಿ ಏನೋ ಹೇಳಿದಳು. ಫೋಟೋ ತೆಗೆಯುವವರು "ಇಕ್ಕಡ ನೋಡ್ರಿ, ಇಕ್ಕಡ" ಎನ್ನುತ್ತಿದ್ದರು, ನನಗೆ ಸರಿಯಾಗಿ ಕೇಳಿಸಲಿಲ್ಲ. ಕೇಳಿಸಲಿಲ್ಲ ಎಂದರೆ ಸುಳ್ಳಾದೀತು. ಕೇಳಿಸಿತು. "ಮೇಡಂ, ನಿಮಗ ಈಗ ನಿದ್ದಿ ಬರ್ತೈತೇನ್ರಿ?" ಎಂದಳು. ನಾನು ಫೋಟೋಕ್ಕೆ ನಕ್ಕೆ.

ಈರಕ್ಕನಿಗೂ ನನಗೆ ಬಂದ ಆ ಮೇ ತಿಂಗಳಲ್ಲೇ ಜ್ವರ ಬಂದಿತ್ತು, ಸಭಿಕರೇ. ಜ್ವರ ಹೋಯಿತು, ಕೆಮ್ಮೂ ಹೋಯಿತು. ಅವುಗಳ ಜೊತೆಗೇ ನಿದ್ದೆ ಹೋಯಿತು. ಮೊದಮೊದಲು ಮೂರು ಗಂಟೆ ಬರುತ್ತಿತ್ತು, ಆಮೇಲೆ ಎರಡು, ಆಮೇಲೆ ಕಣ್ಣು ಮುಚ್ಚಿದರೆ ಎದೆ ಡಬಡಬ. ಹಗಲಲ್ಲಿ ಕಾರಣವಿಲ್ಲದೆ ಅಳು. ಫೋನು ಬಡಿದರೆ ಯಾರೋ ಸತ್ತರು ಎಂಬ ಹೆದರಿಕೆ. ಪಕ್ಕದ ಮಿಷನ್ನಿನ ಎರ್ರಮ್ಮನ ಹೆಸರನ್ನೇ ಒಂದು ದಿನ ಮರೆತಳಂತೆ. ಎರ್ರಮ್ಮ ಇಲ್ಲೇ ಕುಳಿತಿದ್ದಾಳೆ, ಅವಳ ಮಗ ನನ್ನ ತರಗತಿಯಲ್ಲಿದ್ದಾನೆ. ಇದನ್ನೆಲ್ಲ ನನಗೆ ಹೇಳಿದವಳು ಅವಳೇ. ತಲೆ ತಗ್ಗಿಸಬೇಡ ಎರ್ರಮ್ಮ, ನೀನು ಹೇಳಿದ್ದು ಚಾಡಿಯಲ್ಲ.

ಎರ್ರಮ್ಮ ಕೇಳಿದ್ದಳಂತೆ: "ರಗ್ಗು ಬೆಚ್ಚಗ ಐತೇನಬೇ, ಈಗರ ನಿದ್ದಿ ಹತ್ತೈತೋ ಇಲ್ಲೋ?" ಅದಕ್ಕೆ ಈರಕ್ಕ, "ಹುಲಿಗಾದ್ರೂ ಹತ್ತೈತೇನೋ ಅಂತ ನೋಡೀನಿ. ಅದೂ ನನ್ನಂಗ ಕಣ್ಣು ಬಿಟ್ಕಂಡ ಕುಂತೈತಿ" ಎಂದಳಂತೆ.

ನಗಿ, ಪರವಾಗಿಲ್ಲ. ನಗಲೆಂದೇ ಹೇಳಿದವಳು ಅವಳು.

ಈಗ ಸಂಕ್ರಾಂತಿಯ ಹಿಂದಿನ ತಿಂಗಳಿಗೆ ಬರುತ್ತೇನೆ. ಈರಕ್ಕ ಹೊನ್ನೂರಪ್ಪನವರ ಹತ್ತಿರ ನಾಲ್ಕು ದಿನ ರಜೆ ಕೇಳಿದಳು, ಬಳ್ಳಾರಿಗೆ ಹೋಗಿ ದೊಡ್ಡ ಡಾಕ್ಟರಿಗೆ ತೋರಿಸಬೇಕೆಂದು. ಹೊನ್ನೂರಪ್ಪನವರು ಒರಟಾಗಿ ಏನೂ ಹೇಳಲಿಲ್ಲ. ಅವರು ಒರಟರಲ್ಲ. ಗೋಡೆ ತೋರಿಸಿದರು. "ನೋಡಬೇ, ಮೇಡಂಗೂ ಅದ ಜ್ವರ ಬಂದಿತ್ತು. ಹೆಂಗ ಅದಾರ ನೋಡು. ಮೇಡಂ ಏನಂದ್ರು? ಧೈರ್ಯ ಅಂದ್ರು. ರಜಾ ಹಾಕಿದ್ರ ಈ ಸಲದ ಹಾಜರಿ ಬಹುಮಾನ ಹೋಕ್ಕೈತಿ, ಮರ್ಯಾದಿನೂ ಹೋಕ್ಕೈತಿ. ಹೋದ ಸಲ ತಗಂಡಾಕಿ ನೀನು."

ಅವಳು ರಜೆ ಹಾಕಲಿಲ್ಲ. ಫೋಟೋದಲ್ಲಿರುವ ನನ್ನನ್ನು ನೋಡಿ ಹಾಕಲಿಲ್ಲ.

ಮುಂದೆ ನಡೆದದ್ದು ನಿಮ್ಮ ಕಸುಬಿನ ವಿಷಯ. ಕನ್ನಡ ಪಾಠ ಮಾಡುವವಳಿಗೆ ಅದು ಗೊತ್ತಿರಲಿಲ್ಲ, ಎರ್ರಮ್ಮನಿಂದ ಕಲಿತೆ. ಹೊರಗಿನ ಅತಿಥಿಗಳಿಗಾಗಿ ಹೇಳುತ್ತೇನೆ, ತಪ್ಪಿದ್ದರೆ ತಿದ್ದಿ. ಜೀನ್ಸ್ ಬಟ್ಟೆಯನ್ನು ಪದರದ ಮೇಲೆ ಪದರ ಹಾಸಿ ಒಟ್ಟಿಗೆ ಕತ್ತರಿಸುತ್ತಾರೆ. ಒಂದೊಂದು ಪದರವೂ ಒಂದೊಂದು ಥಾನಿನದು, ಅಂದರೆ ಬೇರೆ ಬೇರೆ ಬಟ್ಟೆಯ ಸುರುಳಿಯದು, ಒಂದೊಂದು ಥಾನಿನ ಬಣ್ಣವೂ ಕೂದಲೆಳೆಯಷ್ಟು ಬೇರೆ. ಕಣ್ಣಿಗೆ ಕಾಣುವಷ್ಟು ಬೇರೆಯಲ್ಲ. ಆದ್ದರಿಂದ ಪ್ರತಿ ತುಂಡಿಗೂ ನಂಬರಿನ ಚೀಟಿ ಅಂಟಿಸುತ್ತಾರೆ. ಹದಿನಾಲ್ಕರ ಮುಂಭಾಗಕ್ಕೆ ಹದಿನಾಲ್ಕರ ಹಿಂಭಾಗವನ್ನೇ ಜೋಡಿಸಬೇಕು. ತಪ್ಪಿ ಬೇರೆ ನಂಬರನ್ನು ಜೋಡಿಸಿದರೆ ಆಗ ಯಾರಿಗೂ ತಿಳಿಯುವುದಿಲ್ಲ. ಹೊಲಿದವಳಿಗೂ ತಿಳಿಯುವುದಿಲ್ಲ, ಚೆಕ್ ಮಾಡಿದವರಿಗೂ ತಿಳಿಯುವುದಿಲ್ಲ. ಪ್ಯಾಂಟು ಒಗೆತಕ್ಕೆ ಹೋಗಿ ಬಂದ ಮೇಲೆ ತಿಳಿಯುತ್ತದೆ. ಒಂದು ಕಾಲಿನ ಅರ್ಧ ಕಡುನೀಲಿ, ಇನ್ನರ್ಧ ಬಿಳಚು.

ಸಂಕ್ರಾಂತಿ ಆರ್ಡರಿನಲ್ಲಿ ಇನ್ನೂರ ಹದಿನಾರು ಪ್ಯಾಂಟು ಹಾಗೆ ಬಂದವು. ಎಲ್ಲವೂ ಈರಕ್ಕನ ಮಿಷನ್ನಿನವು. ತಪ್ಪು ಅವಳದೇ. ಇಲ್ಲವೆನ್ನಲು ನಾನು ಇಲ್ಲಿ ನಿಂತಿಲ್ಲ, ಅವಳೂ ಇಲ್ಲವೆನ್ನಲಿಲ್ಲ. ಏಳು ತಿಂಗಳು ನಿದ್ದೆಯಿಲ್ಲದ ಕಣ್ಣಿಗೆ ನಲವತ್ತೊಂದು ಹದಿನಾಲ್ಕಾಗಿ ಕಂಡಿತು. ಆ ಜ್ವರವೂ ಹಾಗೆಯೇ ಅಲ್ಲವೇ? ಇಳಿದಾಗ ಎಲ್ಲ ಸರಿಯಾಗಿಯೇ ಕಾಣುತ್ತದೆ. ಬಣ್ಣ ತೋರಿಸುವುದು ಆಮೇಲೆ.

ನನ್ನ ಪ್ರಶ್ನೆ ಪ್ಯಾಂಟಿನದಲ್ಲ. ಆ ಇನ್ನೂರ ಹದಿನಾರರಲ್ಲಿ ಒಂದನ್ನು ತಂದು ಈರಕ್ಕನ ತಲೆಯ ಮೇಲೆ, ಟ್ಯೂಬ್‌ಲೈಟಿನ ತಂತಿಗೆ ತೂಗುಹಾಕಿದವರು ಯಾರು? ಹೆಸರು ಕೇಳುತ್ತಿಲ್ಲ. ಎಂಟು ದಿನ ಅದರ ಕೆಳಗೆ ಕುಳಿತು ಅವಳು ಹೊಲಿದಳು. "ಪಿಚ್ಚಿ ಪ್ಯಾಂಟು" ಎಂದು ಅದಕ್ಕೆ ಹೆಸರಿಟ್ಟವರು ಯಾರು? ತೆಲುಗಿನ ಪಿಚ್ಚಿ ಎಂದರೆ ಕನ್ನಡದ ಹುಚ್ಚು, ಇಲ್ಲಿ ಯಾರಿಗೂ ಅರ್ಥ ಹೇಳಬೇಕಾಗಿಲ್ಲ. ಪ್ಯಾಂಟಿನಿಂದ ಆ ಹೆಸರು ಎಷ್ಟು ದಿನಕ್ಕೆ ಅವಳ ಮೇಲೆ ಇಳಿಯಿತು? ಎರಡು ದಿನಕ್ಕೋ ಮೂರು ದಿನಕ್ಕೋ? ಇಲ್ಲಿ ಕುಳಿತ ಎಷ್ಟು ಬಾಯಿಗಳು ಅದನ್ನು ಆಡಿದವು? ಇವತ್ತು ಹಬ್ಬ, ಕುಂಕುಮ ಇಟ್ಟುಕೊಂಡು ಬಂದಿದ್ದೀರಿ, ಇದನ್ನೆಲ್ಲ ಕೇಳಬಾರದು ನಿಜ. ಆದರೆ ಕಬ್ಬಿಣದ ಮಿಷನ್ನಿಗೆ ಕೈಮುಗಿಯುವ ನಮಗೆ ಅದರ ಮುಂದೆ ಕುಳಿತವಳ ಮುಖವನ್ನು ಒಮ್ಮೆ ನೋಡಲು ಆಗಲಿಲ್ಲವೇ?

ಒಂಬತ್ತನೇ ದಿನ ಮಾಲೀಕರು ಅವಳನ್ನು ಕರೆದು, ಮನೆಗೆ ಹೋಗು, ತಲೆ ಸರಿಯಿದೆ ಎಂದು ಡಾಕ್ಟರಿಂದ ಕಾಗದ ತಂದರೆ ಮಿಷನ್ ಕೊಡುತ್ತೇನೆ ಎಂದರು. ಶಿವಶಂಕರ್ ಅವರೇ, ಇದನ್ನು ನೀವು ಕರುಣೆಯಿಂದಲೇ ಹೇಳಿದಿರಿ ಎಂದು ನನಗೆ ಗೊತ್ತು. ಬೇರೆಯವರಾಗಿದ್ದರೆ ಕಾಗದವನ್ನೂ ಕೇಳುತ್ತಿರಲಿಲ್ಲ.

ಅವಳು ಕಾಗದಕ್ಕೆ ಓಡಾಡಿದಳು. ಊರಿನ ಪಂಚಾಯಿತಿ ಕಚೇರಿಯಲ್ಲಿ, ನಮ್ಮ ಆಂಧ್ರದವರು ಗ್ರಾಮ ಸಚಿವಾಲಯ ಎನ್ನುವಲ್ಲಿ, ಇದಕ್ಕೆ ನಮ್ಮಲ್ಲಿ ಅರ್ಜಿ ನಮೂನೆ ಇಲ್ಲ ಎಂದರು. ಒಂದು ಆಸ್ಪತ್ರೆಯಲ್ಲಿ, ಎಲ್ಲೆಂದು ಹೇಳುವುದಿಲ್ಲ, ಡಾಕ್ಟರು ತಲೆಯೆತ್ತದೆ, "ಜ್ವರ ಬಂದು ವರ್ಷ ಆಗ್ತಾ ಬಂತಲ್ಲಮ್ಮ, ಇನ್ನೂ ಅದನ್ನೇ ಹೇಳ್ತೀಯಾ? ಟೆನ್ಷನ್ ಬಿಡು, ಹಾಲು ಕುಡಿದು ಮಲಗು" ಎಂದರು. ಹಾಲು! ಮನೆಯಲ್ಲಿ ಎಮ್ಮೆ ಕಟ್ಟಿದವಳಿಗೆ ಹಾಲಿನ ವಿಷಯ ಇವರು ಹೇಳಿಕೊಡಬೇಕೇ? ನಿದ್ದೆ ಬಾರದಿರುವುದು ಒಂದು ಕಾಯಿಲೆಯೆಂದು ಒಪ್ಪಲು ನಮಗೆ ಏನು ಕಷ್ಟ? ಕಾಲು ಮುರಿದರೆ ಧೈರ್ಯದಿಂದ ನಡೆ ಎನ್ನುತ್ತೇವೆಯೇ? ಕಣ್ಣಿಗೆ ಪೊರೆ ಬಂದರೆ ಚಿಂತೆ ಬಿಡು, ಕಾಣುತ್ತದೆ ಎನ್ನುತ್ತೇವೆಯೇ? ಆ ಗಾದೆ ಕಟ್ಟಿದವನಿಗೆ ಈ ಜ್ವರ ಬಂದಿರಲಿಲ್ಲ. ಬಂದಿದ್ದರೆ ಅವನು ಸಂತೆಯಲ್ಲೂ ಎಚ್ಚರವಿರುತ್ತಿದ್ದ, ಮನೆಯಲ್ಲೂ ಎಚ್ಚರವಿರುತ್ತಿದ್ದ, ಗಾದೆ ಕಟ್ಟಲು ಪದವೇ ಸಿಗದೆ ಅಳುತ್ತಿದ್ದ.

ಇಲ್ಲಿ ನನಗೆ ಗೊತ್ತಿರುವ ಒಬ್ಬ ಉಪಾಧ್ಯಾಯಿನಿಯ ಮಾತು ಹೇಳಬೇಕು. ಊರಿನ ಹೆಸರು ಬೇಡ. ಅವರಿಗೂ ಅದೇ ಕಾಲದಲ್ಲಿ ಜ್ವರ ಬಂತು, ಅದೇ ರೀತಿ ನಿದ್ದೆ ಹೋಯಿತು. ಅವರು ಸರ್ಕಾರಿ ನೌಕರಿಯವರು. ರಜೆ ಇತ್ತು, ಸಂಬಳ ನಿಲ್ಲಲಿಲ್ಲ. ಓದುವ ಹವ್ಯಾಸ ಇತ್ತು, ಆದರೆ ಪುಸ್ತಕ ತೆರೆದರೆ ನಾಲ್ಕು ಸಾಲಿನ ಕವಿತೆಯಲ್ಲಿ ಮೂರನೆಯ ಸಾಲಿಗೆ ಬರುವಷ್ಟರಲ್ಲಿ ಮೊದಲನೆಯದು ಮರೆತುಹೋಗುತ್ತಿತ್ತು. ಇಪ್ಪತ್ತು ವರ್ಷ ಬಾಯಿಪಾಠ ಇದ್ದ ಪದ್ಯಗಳು ಬೇರೆಯವರ ಮನೆಯ ಪಾತ್ರೆಯ ಹಾಗೆ ಕಾಣುತ್ತಿದ್ದವು. ಅವರು ಅಮ್ಮನ ಮನೆಗೆ ಹೋದರು. ಮಡಕಶಿರದ ಕಡೆ, ಅಮರಾಪುರದ ಹತ್ತಿರ. ಅಮ್ಮ ನೆತ್ತಿಗೆ ಹರಳೆಣ್ಣೆ ತಟ್ಟಿದರು, ರಾಗಿ ಅಂಬಲಿಗೆ ಈರುಳ್ಳಿ ಹಿಂಡಿ ಕೊಟ್ಟರು, ಗಸಗಸೆ ಪಾಯಸ ಮಾಡಿದರು, ಹೇಮಾವತಿಯ ಸಿದ್ಧೇಶ್ವರನಿಗೆ ಹರಕೆ ಹೊತ್ತರು. ಹದಿನೈದು ದಿನ ಕಾದು, ಒಂದು ಬೆಳಗ್ಗೆ ಕುರಿ ದೊಡ್ಡಿಯ ಹತ್ತಿರ ಕರೆದು ಮೆಲ್ಲಗೆ ಹೇಳಿದರು:

"ಅಮ್ಮಣ್ಣಿ, ನಿದ್ದೆ ಬರಾಕಿಲ್ಲ ಅಂತ ಯಾರ್ತಾವೂ ಬಾಯ್ಬಿಡಬ್ಯಾಡ ಕಣೆ. ತಲೆಕೆಟ್ಟೈತೆ ಅಂತಾರೆ. ಯಾರಾನ ಕೇಳುದ್ರೆ ಸುಗರ್ ಅನ್ನು. ಸುಗರ್ ಮರ್ವಾದಸ್ಥರ ಕಾಯ್ಲೆ."

ನಾನು ಹೂಂ ಅಂದೆ. ಅವತ್ತಿನಿಂದ ನನಗೆ ಸುಗರ್.

...

"ನಾನು" ಎಂದುಬಿಟ್ಟೆನಲ್ಲ. ಬರೆದು ತಂದ ಕಾಗದದಲ್ಲಿ ಕೊನೆಯ ತನಕ "ಅವರು" ಎಂದೇ ಇದೆ. ಹಾಗೆಯೇ ಓದಿ ಮುಗಿಸಬೇಕೆಂದಿದ್ದೆ. ಅಮ್ಮನ ಮಾತು ಬಾಯಿಗೆ ಬಂದರೆ ಬೇರೆಯವರ ಹೆಸರಿನಲ್ಲಿ ನಿಲ್ಲುವುದು ಕಷ್ಟ. ಹೋಗಲಿ, ಕಾಗದವನ್ನು ಮಡಚಿ ಇಡುತ್ತೇನೆ.

ಹೌದು, ಸಭಿಕರೇ, ಆ ಉಪಾಧ್ಯಾಯಿನಿ ನಾನೇ. ನಮ್ಮ ಶಾಲೆಯ ಸಹೋದ್ಯೋಗಿಗಳು ಇಬ್ಬರು ಇಲ್ಲಿದ್ದಾರೆ. ಒಂದು ವರ್ಷಕ್ಕೂ ಮೇಲಿನಿಂದ ನನಗಾಗಿ ಸಕ್ಕರೆಯಿಲ್ಲದ ಚಹಾ ಬೇರೆ ಮಾಡಿಸುತ್ತಿದ್ದಾರೆ. ಕ್ಷಮಿಸಿ, ನಾಳೆಯಿಂದ ಎರಡು ಚಮಚ ಹಾಕಿಸಿ.

ಹೋದ ವರ್ಷ ನಾನು ಇಲ್ಲಿ ನಿಂತು ಧೈರ್ಯವೇ ಮದ್ದು ಎಂದಾಗ ನನ್ನ ವ್ಯಾನಿಟಿ ಬ್ಯಾಗಿನಲ್ಲಿ ಮದ್ದು ಇತ್ತು. ಬಳ್ಳಾರಿಯ ಮನೋವೈದ್ಯೆಯೊಬ್ಬರು ಬರೆದುಕೊಟ್ಟ ಮದ್ದು. ಭಾಷಣಕ್ಕೆ ಒಂದು ತಿಂಗಳ ಮೊದಲೇ ಶುರು ಮಾಡಿದ್ದೆ. ಆ ಡಾಕ್ಟರಮ್ಮ ನನಗೆ ಹೇಳಿದ ಮಾತು ಇದು: ಸೋಂಕು ಹೋದರೂ ಅದರ ಪೆಟ್ಟು ಕೆಲವರಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ನಿದ್ದೆ ಕೆಡುತ್ತದೆ, ನಿದ್ದೆ ಕೆಟ್ಟರೆ ಮನಸ್ಸು ಕೆಡುತ್ತದೆ, ಇದು ನಿಮ್ಮ ದೌರ್ಬಲ್ಯವಲ್ಲ, ನಿಧಾನವಾಗಿ ಸರಿಯಾಗುತ್ತದೆ. ಈ ನಾಲ್ಕು ಮಾತನ್ನು ನಾನು ಇಲ್ಲಿ ಹೇಳಬಹುದಿತ್ತು. ಮುನ್ನೂರು ಹೆಣ್ಣುಮಕ್ಕಳು ಕೇಳುತ್ತಿದ್ದರು. ನಾನು ಕವಿತೆಯ ಮೇಲೆ ಸುಳ್ಳು ಹೊರಿಸಿದೆ. ಪಾಪ, ಕವಿತೆ ನನಗೆ ಏನೂ ಮಾಡಿರಲಿಲ್ಲ.

ಯಾಕೆ ಹಾಗೆ ಮಾಡಿದೆ? ಮರ್ಯಾದೆಗಾಗಿ. ಜ್ವರ ಬಂದು ಹೋದ ಮೇಲೆ ಊರೆಲ್ಲ ನನ್ನನ್ನು ಗಟ್ಟಿಗಿತ್ತಿ ಎಂದಿತು, ಆ ಮಾತು ನನಗೆ ರುಚಿಸಿತು. ಅಷ್ಟೇ. ಇದಕ್ಕಿಂತ ದೊಡ್ಡ ಕಾರಣ ಹುಡುಕಿದೆ, ಸಿಗಲಿಲ್ಲ.

ತಪ್ಪು ನಾನೂ ಮಾಡಿದೆ. ಆ ವರ್ಷ ಅರ್ಧವಾರ್ಷಿಕ ಪರೀಕ್ಷೆಯ ಅಂಕಗಳನ್ನು ಒಂದು ಸಾಲು ತಪ್ಪಿಸಿ ಬರೆದೆ. ಒಬ್ಬರ ಅಂಕ ಇನ್ನೊಬ್ಬರಿಗೆ ಹೋಯಿತು, ಇಡೀ ತರಗತಿಗೆ. ಗುಮಾಸ್ತರು ನೋಡಿ, "ಇರ್ಲಿ ಬಿಡ್ರಿ ಮೇಡಂ, ಆಕ್ಕೈತಿ" ಎಂದು ವೈಟ್ನರ್ ಹಚ್ಚಿದರು. ನನ್ನ ತಪ್ಪಿಗೆ ವೈಟ್ನರ್, ಈರಕ್ಕನ ತಪ್ಪಿಗೆ ಟ್ಯೂಬ್‌ಲೈಟಿನ ತಂತಿ. ಒಂದೇ ಕಾಯಿಲೆ, ಒಂದೇ ಮೇ ತಿಂಗಳು, ಒಂದೇ ಊರು.

ಹೊನ್ನೂರಪ್ಪನವರು ಚೀಟಿ ಕಳಿಸಿದ್ದಾರೆ, ಸಮಯವಾಯಿತು ಎಂದು. ಇನ್ನು ಸ್ವಲ್ಪವೇ ಇದೆ, ಆದರೆ ಅದು ಹೇಳಲು ಕಷ್ಟವಾದದ್ದು. ದಯಮಾಡಿ ಕುಳಿತುಕೊಳ್ಳಿ.

ಮಾರ್ಚ್ ತಿಂಗಳಲ್ಲಿ ಒಂದು ಶನಿವಾರ ನಾನು ಆ ಬಳ್ಳಾರಿಯ ದವಾಖಾನೆಯಲ್ಲಿ ಕುಳಿತಿದ್ದೆ. ಟೋಕನ್ ಇಪ್ಪತ್ಮೂರು. ಅಲ್ಲಿಗೆ ಹೋಗುವಾಗಲೆಲ್ಲ ನಾನು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಕೂರುವುದು, ಧೂಳಿಗೆ ಎಂಬಂತೆ. ಬಾಗಿಲು ತೆರೆಯಿತು. ಎರ್ರಮ್ಮನ ತೋಳು ಹಿಡಿದು ಈರಕ್ಕ ಬಂದಳು. ಅಷ್ಟು ದಪ್ಪ ಜಡೆ ಇದ್ದವಳು, ಕೂದಲು ಉದುರಿ ಇಷ್ಟಾಗಿತ್ತು. ಎರ್ರಮ್ಮ ಚೀಟಿ ಮಾಡಿಸಲು ಕಿಟಕಿಗೆ ಹೋದಳು. ಈರಕ್ಕ ನನ್ನ ಎದುರಿನ ಬೆಂಚಿನಲ್ಲೇ ಕುಳಿತಳು. ನೋಡಿದಳು. ನಾನು ಗೋಡೆಯ ಕಡೆ ತಿರುಗಿದೆ. ಗೋಡೆಯ ಮೇಲೆ ಕೈ ತೊಳೆಯುವುದು ಹೇಗೆ ಎಂಬ ಚಿತ್ರ ಇತ್ತು. ಆರು ಚಿತ್ರಗಳು. ಇಪ್ಪತ್ತು ನಿಮಿಷ ಅವನ್ನೇ ನೋಡಿದೆ. ಎರ್ರಮ್ಮ ವಾಪಸ್ಸು ಬಂದಾಗ ಈರಕ್ಕ ಎದ್ದು, "ಇಲ್ಲಿ ಸೆಕಿ ಭಾಳ ಐತಿ, ಹೊರಗ ಕುಂದ್ರೋಣ ಬಾ" ಎಂದು ಅವಳನ್ನು ಹೊರಗೆ ಕರೆದುಕೊಂಡು ಹೋದಳು. ಎರ್ರಮ್ಮ ನನ್ನನ್ನು ನೋಡದಿರಲಿ ಎಂದು. ಎರ್ರಮ್ಮ, ನಿನಗೆ ಇದು ಈಗ ತಿಳಿಯುತ್ತಿದೆ.

ಏಪ್ರಿಲಿನಲ್ಲಿ ಈರಕ್ಕ ಮಾತ್ರೆ ಚೀಟಿ ಹಿಡಿದು ಮಾಲೀಕರ ಹತ್ತಿರ ಬಂದಳು. ಇದು ಜ್ವರದಿಂದಲೇ ಬಂದ ಕಾಯಿಲೆಯಂತೆ, ಡಾಕ್ಟರಮ್ಮ ಹೇಳಿದ್ದಾರೆ, ಕೆಲಸ ಮಾಡಬಹುದಂತೆ ಎಂದಳು. ಶಿವಶಂಕರ್ ಅವರು ನಂಬಬೇಕೋ ಬಿಡಬೇಕೋ ತಿಳಿಯದೆ, ಓದಿದವರು ಎಂದು ನನ್ನನ್ನು ಕರೆಸಿದರು. ಸಾಹೇಬರೇ, ನಿಮಗೆ ನೆನಪಿರಬೇಕು. ಆಫೀಸಿನಲ್ಲಿ ನಾವು ಮೂವರೇ. ನೀವು ಕೇಳಿದಿರಿ: "ಮೇಡಂಗಾರೂ, ಮೀರೇ ಚೆಪ್ಪಂಡಿ, ನೀವೇ ಹೇಳ್ರಿ. ನಿಮಗೂ ಬಂದಿತ್ತಲ್ಲ. ಜ್ವರ ಹೋಗಿ ವರ್ಷ ಆಗಾಕ ಬಂದ್ರೂ ಹಿಂಗ ಆಕ್ಕೈತೇನ್ರಿ? ನಿಮಗ ಏನರ ಆತೇನು?"

ನಾನು ಬಾಯಿ ತೆರೆದೆ. ನಾನು ಏನಾದರೂ ಹೇಳುವ ಮೊದಲೇ ಈರಕ್ಕ ಹೇಳಿಬಿಟ್ಟಳು: "ಮೇಡಂನ್ನ ಯಾಕ ಕೇಳ್ತೀರ್ರಿ ಸಾವ್ಕಾರ್ರೇ? ಅವ್ರು ಗಟ್ಟಿ ಅದಾರ್ರಿ. ನಾವು ಅಂಥೋರಲ್ಲ."

ನನ್ನ ಮುಖ ನೋಡದೆ ಹೇಳಿದಳು. ನಾನು ನುಣುಚಿಕೊಳ್ಳಲಿ ಎಂದು ಬಾಗಿಲು ತೆರೆದು ಹಿಡಿದ ಹಾಗೆ. ನಾನು ಏನು ಮಾಡಿದೆ? ತೆರೆದ ಬಾಗಿಲಿನಿಂದ ಹೊರಗೆ ಬಂದೆ. "ನನಗೆ ಅಂಥದ್ದೇನೂ ಆಗಲಿಲ್ಲ" ಎಂದೆ. ನೀವು ಕೊಡಿಸಿದ ಚಹಾ ಕುಡಿದೆ. ಸಕ್ಕರೆಯಿಲ್ಲದ್ದು. ಅವಳ ಕೈಯಲ್ಲಿದ್ದ ಚೀಟಿಯನ್ನು ನೀವು ಮಡಚಿ ಅವಳಿಗೇ ವಾಪಸ್ಸು ಕೊಟ್ಟಿರಿ.

ಅದಾಗಿ ಆರು ತಿಂಗಳು. ಈ ಆರು ತಿಂಗಳು ನಾನು ಯಾರ ಮೇಲೆ ಸಿಟ್ಟಾಗಿದ್ದೆ ಗೊತ್ತೇ? ಹೊನ್ನೂರಪ್ಪನವರ ಮೇಲೆ. ಹಾಲು ಕುಡಿ ಎಂದ ಡಾಕ್ಟರ ಮೇಲೆ. ಪಿಚ್ಚಿ ಎಂದ ನಿಮ್ಮೆಲ್ಲರ ಮೇಲೆ. ಸುಗರ್ ಕಲಿಸಿದ ನಮ್ಮಮ್ಮ ಚಿತ್ತಮ್ಮನ ಮೇಲೂ. ಇಷ್ಟು ಜನರ ಮೇಲೆ ಹಂಚಿದ ಸಿಟ್ಟಿನಲ್ಲಿ ನನ್ನ ಪಾಲು ಎಲ್ಲಿ ಹೋಯಿತೆಂದು ಲೆಕ್ಕ ಸಿಗುತ್ತಿರಲಿಲ್ಲ. ಹೊನ್ನೂರಪ್ಪನವರು ಬಂದು, "ಅದೇ ಭಾಷಣ ಮಾಡಿ, ಒಂದಕ್ಷರ ಬದಲಿಸಬೇಡಿ" ಎಂದಾಗ ಸಿಕ್ಕಿತು. ಅವರಿಗೆ ಇದಕ್ಕಾಗಿ ನಿಜವಾಗಿಯೂ ಕೃತಜ್ಞಳು.

ನಿನ್ನೆ ಕಣೇಕಲ್ಲಿಗೆ ಹೋಗಿದ್ದೆ. ಈರಕ್ಕ ಕೆರೆಯ ಹಿಂದಿನ ಭತ್ತದ ಗದ್ದೆಯಲ್ಲಿ ಕಳೆ ಕೀಳುತ್ತಿದ್ದಳು. ಕೆಸರುಗಾಲಲ್ಲೇ ಬದುವಿಗೆ ಬಂದು ಕುಳಿತಳು. ಕ್ಷಮೆ ಕೇಳಿದೆ. "ಅದೆಲ್ಲ ಇರ್ಲಿ ಬಿಡ್ರಿ, ನಿಮ್ಮ ಟೋಕನ್ ಎಷ್ಟಿತ್ರಿ ಆವತ್ತು?" ಎಂದು ಕೇಳಿದಳು. ಇಪ್ಪತ್ಮೂರು ಎಂದೆ. "ನಂದು ಮೂವತ್ತೊಂದು. ನೀವು ಬೇಗ ಮುಗಿಸ್ಕೊಂಡು ಹೋದ್ರಿ, ನಾ ಸಂಜಿತನ ಕುಂತೆ" ಎಂದು ನಕ್ಕಳು. ಅವಳಿಗೆ ಈಗ ಐದು ಗಂಟೆ ನಿದ್ದೆ ಬರುತ್ತಿದೆ. ನನಗಿಂತ ಅರ್ಧ ಗಂಟೆ ಹೆಚ್ಚು.

ನಾಳೆ ಸಭೆಯಲ್ಲಿ ನಿನ್ನ ಹೆಸರು ಹೇಳಲೇ ಎಂದು ಕೇಳಿದೆ. ಅವಳು ಕಾಲಿನ ಕೆಸರು ಕೆರೆದುಕೊಂಡಳು. ಆಮೇಲೆ ಹೇಳಿದಳು:

"ನಿಮ್ಮ ಹೆಸರು ಹೇಳಬ್ಯಾಡ್ರಿ, ಮಕ್ಳಿಗೆ ಪಾಠ ಹೇಳೋರು ನೀವು. ನಂದು ಹೇಳ್ರಿ. ಆದ್ರ ಪಾಪ ಈರಕ್ಕ ಅಂತ ಹೇಳಬ್ಯಾಡ್ರಿ, ಅದು ಕೇಳಿ ಕೇಳಿ ಸಾಕಾಗೇತಿ. ಈರಕ್ಕಗ ಕೆಲಸ ಬರ್ತೈತಿ ಅಂತ ಹೇಳ್ರಿ."

ಅವಳ ಮಾತಿನ ಮೊದಲ ಭಾಗವನ್ನು ನಾನು ಮೀರಿದ್ದೇನೆ. ಉಳಿದದ್ದನ್ನು ಹಾಗೆಯೇ ನಡೆಸುತ್ತೇನೆ.

ಮಾನ್ಯ ಅಧ್ಯಕ್ಷರೇ, ಈ ವರ್ಷದ ಹಾಜರಿ ಬಹುಮಾನವನ್ನು ನನ್ನ ಕೈಯಿಂದ ಕೊಡಿಸಬೇಡಿ. ಗೆದ್ದ ತಂಗಿ ಬೇಸರ ಮಾಡಿಕೊಳ್ಳಬಾರದು, ನಿನ್ನ ದುಡಿಮೆ ದೊಡ್ಡದು, ಆದರೆ ರಜೆ ಬೇಕಾದ ದಿನ ರಜೆ ಕೇಳು. ಮತ್ತು ಮಾಲೀಕರೇ, ತಲೆ ಸರಿಯಿದೆ ಎಂಬ ಕಾಗದವನ್ನು ನೀವು ಈರಕ್ಕನಿಂದ ಕೇಳಿದಿರಿ. ನನ್ನಿಂದ ಯಾರೂ ಕೇಳಲಿಲ್ಲ. ಅಂಥ ಕಾಗದ ನನ್ನ ಹತ್ತಿರವೂ ಇಲ್ಲ. ಇವತ್ತು ಬೆಳಗ್ಗೆಯೂ ನಾನು ಮಾತ್ರೆ ತೆಗೆದುಕೊಂಡೇ ಬಂದಿದ್ದೇನೆ. ಆದರೂ ನನ್ನ ಮುಂದೆ ಮಕ್ಕಳನ್ನು ಕೂರಿಸುತ್ತೀರಿ, ನನ್ನನ್ನು ವೇದಿಕೆಗೆ ಹತ್ತಿಸಿ ಹಾರ ಹಾಕುತ್ತೀರಿ. ಹಾಗಿದ್ದರೆ ಅವಳನ್ನು ಮಿಷನ್ನಿನ ಮುಂದೆ ಕೂರಿಸಲು ಅಡ್ಡಿ ಏನು?

ಹಬ್ಬದ ರಜೆ ಮುಗಿದು ಗೇಟು ತೆರೆಯುವ ದಿನ, ಬೆಳಗ್ಗೆ ಎಂಟೂವರೆಗೆ, ಕಣೇಕಲ್ಲಿನ ಬಸ್ಸಿನಿಂದ ಈರಕ್ಕ ಇಳಿಯುತ್ತಾಳೆ. ನಾನು ಸ್ಟ್ಯಾಂಡಿನಲ್ಲಿ ಕಾದಿದ್ದು ಅವಳ ಜೊತೆ ಗೇಟಿಗೆ ಬರುತ್ತೇನೆ. ಶಾಲೆಗೆ ಅರ್ಧ ದಿನದ ರಜೆಯ ಅರ್ಜಿ ಕೊಡುತ್ತೇನೆ, ಅದರಲ್ಲಿ ಸುಗರ್ ಎಂದು ಬರೆಯುವುದಿಲ್ಲ. ಇಬ್ಬರ ಕೈಯಲ್ಲೂ ಕಾಗದ ಇರುವುದಿಲ್ಲ. ಒಳಗೆ ಬಿಟ್ಟರೆ ಇಬ್ಬರನ್ನೂ ಸರಿಯಿದ್ದಾರೆ ಎಂದು ಬಿಡಬೇಕು, ಬಿಡದಿದ್ದರೆ ಇಬ್ಬರನ್ನೂ ಹುಚ್ಚರೆಂದು ಹೊರಗೆ ನಿಲ್ಲಿಸಬೇಕು. ನಿಮ್ಮಲ್ಲಿ ಇನ್ನೂ ಯಾರಿಗಾದರೂ ಆ ಜ್ವರದ ನಂತರ ನಿದ್ದೆ ಬಾರದಿದ್ದರೆ, ಕೈ ಎತ್ತಿ ಎನ್ನುವುದಿಲ್ಲ, ಅವತ್ತು ಎಂಟೂವರೆಗೆ ಒಳಗೆ ಹೋಗುವ ಮೊದಲು ನಮ್ಮ ಪಕ್ಕ ಒಂದು ನಿಮಿಷ ನಿಂತರೆ ಸಾಕು.

ಇಷ್ಟು ಹೊತ್ತು ಕುಳಿತವರಿಗೆ ಧನ್ಯವಾದ, ನಡುವೆ ಎದ್ದು ಹೋದವರಿಗೂ ಧನ್ಯವಾದ, ಮೈಕು ಆರಿಸದೆ ಬಿಟ್ಟ ಮೈಕ್ ಸೆಟ್ಟಿನ ಸಹೋದರನಿಗೆ ಇನ್ನೂ ದೊಡ್ಡ ಧನ್ಯವಾದ. ಹೋದ ವರ್ಷ ಇಲ್ಲಿ ನಾನು ಆಡಿದ ಮಾತುಗಳನ್ನು ವಾಪಸ್ಸು ತೆಗೆದುಕೊಂಡಿದ್ದೇನೆ. ಅವುಗಳ ಜಾಗದಲ್ಲಿ ಒಂದೇ ಮಾತು ಬಿಟ್ಟು ಹೋಗುತ್ತೇನೆ.

ಈರಕ್ಕನಿಗೆ ಕೆಲಸ ಬರುತ್ತದೆ.

ನಮಸ್ಕಾರ.